ನಲವತ್ತು ದಿನ ಹಾಸಿಗೆಗಾಗಿ ಇರುವುದಲ್ಲ

ಸಹೋದರಿಯರೇ, ಬಾಣಂತಿಯನ್ನು ನೋಡಿಕೊಳ್ಳುವ ವಿಷಯದಲ್ಲಿ ನಮ್ಮ ಮನೆಗಳು ಎಂದೂ ಜಿಪುಣತನ ತೋರಿದವಲ್ಲ. ಮಗಳು ಹೆರಿಗೆಗೆಂದು ತವರಿಗೆ ಬಂದಳೆಂದರೆ ಮೆಂತೆ, ಬೆಳ್ಳುಳ್ಳಿ, ತುಪ್ಪ, ಬೆಲ್ಲ, ಊರ ಕೋಳಿ ಎಲ್ಲವೂ ಅಡುಗೆಮನೆಗೆ ಬಂದು ಸೇರುತ್ತವೆ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯಲು ಪಳಗಿದ ಹೆಂಗಸನ್ನು ಮೊದಲೇ ಗೊತ್ತುಮಾಡಿ ಇಡುತ್ತಾರೆ. ಬಡವರ ಮನೆಯಲ್ಲೂ ಸಾಲ ಮಾಡಿಯಾದರೂ ಬಾಣಂತನ ನಡೆಯುತ್ತದೆ. ಇದೆಲ್ಲ ಪ್ರೀತಿಯಿಂದಲೇ ನಡೆಯುವಂಥದ್ದು. ಆದರೆ ಈ ಪ್ರೀತಿಯ ಜೊತೆಗೆ ಕೆಲವು ಮನೆಗಳಲ್ಲಿ ಎರಡು ಕಟ್ಟಪ್ಪಣೆಗಳೂ ಬರುತ್ತವೆ. ಒಂದು, ನಲವತ್ತು ಕಳೆಯುವವರೆಗೆ ಹಾಸಿಗೆಯಿಂದ ಏಳಬಾರದು. ಇನ್ನೊಂದು, ನೀರು ಹೆಚ್ಚು ಕುಡಿಯಬಾರದು.

ಈ ಎರಡು ಅಪ್ಪಣೆಗಳ ಬಗ್ಗೆ ಮತ್ತು ಅವುಗಳ ಜೊತೆ ಸಂಬಂಧವಿರುವ ಒಂದು ಕಾಯಿಲೆಯ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿತು. ನಾನು ವೈದ್ಯೆಯಲ್ಲ. ಮದ್ರಸದಲ್ಲಿ ಕಲಿತು, ಬಳಿಕ ಬಿ.ಎ. ಮುಗಿಸಿ, ಹಲವು ವರ್ಷಗಳಿಂದ ಹೆಣ್ಮಕ್ಕಳಿಗೆ ಪಾಠ ಹೇಳುತ್ತಿರುವವಳು. ಆದರೆ ಈ ಕಾಯಿಲೆ ನಮ್ಮ ಮನೆಯ ಬಾಗಿಲಿಗೇ ಬಂದುಹೋದ ಮೇಲೆ ಅದರ ಬಗ್ಗೆ ವೈದ್ಯರಲ್ಲಿ ಕೇಳಿ, ಓದಿ ತಿಳಿದುಕೊಂಡೆ.

ಕಾಲಿನಲ್ಲಿ ಹುಟ್ಟಿ ಎದೆಗೆ ಏರುವ ಹೆಪ್ಪು

ಈ ಕಾಯಿಲೆಯ ಹೆಸರು ಪಲ್ಮನರಿ ಎಂಬಾಲಿಸಂ. ಹೆಸರು ಕೇಳಿ ಗಾಬರಿಯಾಗಬೇಡಿ, ವಿಷಯ ಸರಳ. ಶರೀರದ ಒಳಗೆ, ಹೆಚ್ಚಾಗಿ ಕಾಲಿನ ಅಥವಾ ಸೊಂಟದ ಒಳಭಾಗದ ದೊಡ್ಡ ರಕ್ತನಾಳದಲ್ಲಿ, ರಕ್ತ ಹೆಪ್ಪುಗಟ್ಟುತ್ತದೆ. ಹಾಲಿಗೆ ಹೆಪ್ಪು ಬಿದ್ದಂತೆ ಎಂದು ಭಾವಿಸಿ. ಆ ಹೆಪ್ಪಿನ ತುಂಡೊಂದು ಕಳಚಿಕೊಂಡರೆ ರಕ್ತದ ಹರಿವಿನ ಜೊತೆ ಮೇಲಕ್ಕೆ ಬರುತ್ತದೆ, ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಡು ಸಣ್ಣದಾದರೆ ಏದುಸಿರು, ಎದೆನೋವು. ದೊಡ್ಡದಾದರೆ ಹೃದಯಕ್ಕೆ ರಕ್ತವನ್ನು ಮುಂದೆ ತಳ್ಳಲು ದಾರಿಯೇ ಇಲ್ಲದಾಗಿ ಮನುಷ್ಯ ಕುಸಿದು ಬೀಳುತ್ತಾನೆ. ಕೆಲವೊಮ್ಮೆ ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗುತ್ತದೆ.

ರಕ್ತ ನಾಳದೊಳಗೇ ಹೆಪ್ಪುಗಟ್ಟುವುದು ಏಕೆ? ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1856ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದರು. ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಅವರ ಹೆಸರಿನಲ್ಲೇ ಮೂರು ಕಾರಣಗಳನ್ನು ಕಲಿಸುತ್ತಾರೆ. ರಕ್ತ ಹರಿಯದೆ ನಿಧಾನವಾಗುವುದು, ರಕ್ತನಾಳದ ಗೋಡೆಗೆ ಗಾಯವಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚಾಗುವುದು. ಅವರು ಹುಟ್ಟಿದ ಅಕ್ಟೋಬರ್ 13ನ್ನು 2014ರಿಂದ ವಿಶ್ವ ಥ್ರಾಂಬೋಸಿಸ್ ದಿನವಾಗಿ ಆಚರಿಸಲಾಗುತ್ತಿದೆ.

ಈಗ ಈ ಮೂರು ಕಾರಣಗಳನ್ನು ಒಬ್ಬ ಬಾಣಂತಿಯ ಮುಂದಿಟ್ಟು ನೋಡಿ. ಹೆರಿಗೆಯ ವೇಳೆ ವಿಪರೀತ ರಕ್ತಸ್ರಾವವಾಗಿ ತಾಯಿ ಸಾಯಬಾರದೆಂದು ಗರ್ಭಿಣಿಯ ರಕ್ತಕ್ಕೆ ಬೇಗನೆ ಹೆಪ್ಪುಗಟ್ಟುವ ಗುಣವನ್ನು ಸೃಷ್ಟಿಕರ್ತನೇ ಇಟ್ಟಿದ್ದಾನೆ. ಇದು ಅವನ ಹಿಕ್ಮತ್. ಹೆರಿಗೆಯಾದ ಕೂಡಲೇ ಆ ಗುಣ ಹೋಗುವುದಿಲ್ಲ, ಕೆಲವು ವಾರ ಉಳಿಯುತ್ತದೆ. ಹೆರಿಗೆಯಲ್ಲಿ, ಅದರಲ್ಲೂ ಸಿಸೇರಿಯನ್ ಆದರೆ, ರಕ್ತನಾಳಗಳಿಗೆ ಪೆಟ್ಟಾಗಿರುತ್ತದೆ. ಎರಡು ಕಾರಣಗಳು ಹೀಗೆ ತಾವಾಗಿಯೇ ಬಂದವು. ಮೂರನೆಯದನ್ನು, ಅಂದರೆ ರಕ್ತ ಹರಿಯದಂತೆ ಮಲಗಿಸುವುದನ್ನು, ಮಾಡುವವರು ನಾವು.

ಕಾಲಿನಿಂದ ಹೃದಯದ ಕಡೆಗೆ ರಕ್ತವನ್ನು ಮೇಲಕ್ಕೆ ತಳ್ಳುವುದರಲ್ಲಿ ಮೀನಖಂಡದ ಸ್ನಾಯುಗಳ ಪಾಲು ದೊಡ್ಡದು. ನಾವು ನಡೆಯುವಾಗ ಅವು ಹಿಂಡುತ್ತವೆ, ಬಿಡುತ್ತವೆ. ಮಲಗಿಯೇ ಇದ್ದರೆ ಈ ಪಂಪು ನಿಂತಂತೆ. ಅದರ ಮೇಲೆ ನೀರೂ ಕಡಿಮೆಯಾದರೆ ಹೆಪ್ಪುಗಟ್ಟುವುದಕ್ಕೆ ಇನ್ನಷ್ಟು ಅನುಕೂಲ.

ಪಾಶ್ಚಾತ್ಯ ದೇಶಗಳ ಲೆಕ್ಕದ ಪ್ರಕಾರ ಸಾವಿರ ಗರ್ಭಿಣಿ, ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ರಕ್ತನಾಳದಲ್ಲಿ ಇಂತಹ ಹೆಪ್ಪು ಉಂಟಾಗುತ್ತದೆ. ಕಡಿಮೆ ಎನಿಸಬಹುದು. ಆದರೆ ಬ್ರಿಟನ್ನಿನಂತಹ ಮುಂದುವರಿದ ದೇಶದಲ್ಲೂ ತಾಯಂದಿರ ಸಾವಿನ ನೇರ ಕಾರಣಗಳಲ್ಲಿ ಇದು ವರ್ಷಗಳಿಂದ ಮುಂಚೂಣಿಯಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೆರಿಗೆಯಾದ ಸುಮಾರು 17 ಲಕ್ಷ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯು, ಹೃದಯಾಘಾತವೂ ಸೇರಿದಂತೆ ಹೆಪ್ಪಿನಿಂದ ಬರುವ ಕಾಯಿಲೆಗಳ ಅಪಾಯ ಹೆರಿಗೆಯ ನಂತರದ ಮೊದಲ ಆರು ವಾರಗಳಲ್ಲಿ, ಅದೇ ಮಹಿಳೆಯರ ಒಂದು ವರ್ಷದ ನಂತರದ ಸ್ಥಿತಿಗೆ ಹೋಲಿಸಿದರೆ, ಹತ್ತು ಪಟ್ಟಿಗಿಂತ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಏಳರಿಂದ ಹನ್ನೆರಡನೇ ವಾರದವರೆಗೂ ಸುಮಾರು ಎರಡು ಪಟ್ಟು ಇತ್ತು.

ಆರು ವಾರ ಎಂದರೆ ನಲವತ್ತೆರಡು ದಿನ. ನಾವು ಲೆಕ್ಕ ಹಾಕುವ ಆ ನಲವತ್ತು ದಿನಗಳೇ ಅತ್ಯಂತ ಅಪಾಯದ ದಿನಗಳು ಎಂದಾಯಿತು.

ನಿಫಾಸ್‌ನ ಪಾಠ ಏನು ಹೇಳುತ್ತದೆ?

ಫಿಕ್‌ಹ್‌ನ ಪಾಠದಲ್ಲಿ ನಿಫಾಸ್‌ನ ಅಧ್ಯಾಯ ಬಂದಾಗ ವಿದ್ಯಾರ್ಥಿನಿಯರು ನನ್ನಲ್ಲಿ ಕೇಳುವ ಪ್ರಶ್ನೆಯೊಂದಿದೆ: "ಉಸ್ತಾದ್, ನಲವತ್ತು ದಿನ ಮಲಗಿರಬೇಕು ಎಂಬುದು ದೀನಿನಲ್ಲಿದೆಯಾ?" ಇಲ್ಲ. ಹೆರಿಗೆಯ ನಂತರದ ರಕ್ತಸ್ರಾವದ ಅವಧಿಯಲ್ಲಿ ನಮಾಝ್ ಇಲ್ಲ, ಉಪವಾಸ ಇಲ್ಲ. ಸ್ರಾವ ಮೊದಲೇ ನಿಂತರೆ ಸ್ನಾನ ಮಾಡಿ ಆ ದಿನದಿಂದಲೇ ನಮಾಝ್ ಮಾಡಬೇಕು. ಗರಿಷ್ಠ ಅವಧಿ ಹನಫಿಗಳಲ್ಲಿ ನಲವತ್ತು ದಿನ, ಶಾಫಿಈಗಳಲ್ಲಿ ಅರವತ್ತು ದಿನ. ಈ ಸಂಖ್ಯೆಗಳು ಇಬಾದತ್‌ಗೆ ಸಂಬಂಧಿಸಿದವು, ಹಾಸಿಗೆಗೆ ಸಂಬಂಧಿಸಿದವಲ್ಲ. ಕಾಲು ನೆಲಕ್ಕೆ ಊರಬಾರದು, ಬಾಯಾರಿದರೂ ನೀರು ಕುಡಿಯಬಾರದು ಎಂದು ಯಾವ ಕಿತಾಬಿನಲ್ಲೂ ನಾನು ಓದಿಲ್ಲ.

ಇನ್ನೊಂದು ಮಾತು. ದಿನಕ್ಕೆ ಐದು ಬಾರಿ ನಿಲ್ಲುವುದು, ಬಾಗುವುದು, ಕುಳಿತುಕೊಳ್ಳುವುದು, ಏಳುವುದು ಇವೆಲ್ಲ ನಮ್ಮ ಶರೀರಕ್ಕೆ ಅಭ್ಯಾಸವಾಗಿಬಿಟ್ಟಿವೆ. ನಿಫಾಸ್‌ನ ದಿನಗಳಲ್ಲಿ ಅದೂ ಇಲ್ಲ. ಆದ್ದರಿಂದ ಬಾಣಂತಿ ನಡೆದಾಡುವುದಕ್ಕೆ ಬೇರೆಯೇ ದಾರಿ ಮಾಡಿಕೊಳ್ಳಬೇಕು. ಅಝಾನ್ ಕೇಳಿದಾಗಲೆಲ್ಲ ಎದ್ದು ಕೋಣೆಯಲ್ಲಿ ಹತ್ತು ನಿಮಿಷ ನಡೆಯಿರಿ ಎಂದು ನಾನು ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ಹೇಳುವುದುಂಟು. ಇದು ದೀನಿನ ವಿಧಿಯಲ್ಲ, ನೆನಪಿಗೆ ಒಂದು ಉಪಾಯ ಅಷ್ಟೆ.

ವಿಶ್ರಾಂತಿ ಬೇಡವೆಂದು ನಾನು ಹೇಳುತ್ತಿಲ್ಲ. ಭಾರ ಎತ್ತುವುದು ಬೇಡ, ಅಡುಗೆಯ ಜವಾಬ್ದಾರಿ ಬೇಡ, ನಿದ್ದೆ ಬೇಕು, ಒಳ್ಳೆಯ ಆಹಾರ ಬೇಕು. ಆದರೆ ವಿಶ್ರಾಂತಿ ಬೇರೆ, ಅಲುಗಾಡದೆ ಮಲಗುವುದು ಬೇರೆ. ಸಿಸೇರಿಯನ್ ಆದವರನ್ನೂ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೊದಲ ದಿನದೊಳಗೇ ಎಬ್ಬಿಸಿ ನಡೆಸುವುದು ಇದೇ ಕಾರಣಕ್ಕೆ.

ನಮ್ಮ ಮನೆಯಲ್ಲಿ ನಡೆದದ್ದು

ನನ್ನ ತಂಗಿಗೆ ಎರಡನೇ ಹೆರಿಗೆ ಸಿಸೇರಿಯನ್ ಆಯಿತು. ಐದನೇ ದಿನ ಮನೆಗೆ ಬಂದಳು. ಹನ್ನೆರಡನೇ ದಿನ ಬೆಳಿಗ್ಗೆ ಮಗುವಿಗೆ ಹಾಲು ಕೊಡುತ್ತಾ ಕುಳಿತವಳು "ಉಮ್ಮಾ, ಯಾಕೋ ಉಸಿರು ಸಾಲುತ್ತಿಲ್ಲ" ಎಂದಳು. ಉಮ್ಮ ಜೀರಿಗೆ ಕಷಾಯ ಮಾಡಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಉಸಿರೆಳೆದಾಗ ಬಲಪಕ್ಕೆಯಲ್ಲಿ ಚುಚ್ಚಿದಂತಾಗುತ್ತಿತ್ತು. ನೋಡಲು ಬಂದ ಸಂಬಂಧಿಕರಲ್ಲಿ ಒಬ್ಬರು ಗ್ಯಾಸ್ ಎಂದರು, ಒಬ್ಬರು ರಕ್ತ ಕಡಿಮೆಯಾದ ಸುಸ್ತು ಎಂದರು, ಮತ್ತೊಬ್ಬರು ಕಣ್ಣು ತಾಗಿದೆ, ನೀರು ಊದಿಸಿ ಕುಡಿಸಿ ಎಂದರು. ಯಾರ ಮಾತಿನಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ.

ಆ ದಿನ ಮಗುವಿನ ತೂಕ ನೋಡಲು ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಬಂದಿದ್ದರು. ತಂಗಿ ಮಾತನಾಡುವಾಗ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುವುದನ್ನು ಅವರು ಗಮನಿಸಿದರು. "ಕಾಲು ತೋರಿಸಮ್ಮಾ" ಎಂದರು. ಎಡಗಾಲು ಬಲಗಾಲಿಗಿಂತ ಸ್ಪಷ್ಟವಾಗಿ ದಪ್ಪಗಾಗಿತ್ತು, ಮುಟ್ಟಿದರೆ ಬಿಸಿ. ಮೂರು ದಿನಗಳಿಂದ ನೋವಿತ್ತಂತೆ. ಮಲಗಿ ಮಲಗಿ ಹಿಡಿದುಕೊಂಡಿರಬೇಕೆಂದು ಅವಳು ಯಾರಿಗೂ ಹೇಳಿರಲಿಲ್ಲ. ಆಶಾ ಕಾರ್ಯಕರ್ತೆ ಎರಡನೇ ಮಾತಾಡದೆ 108ಕ್ಕೆ ಫೋನ್ ಮಾಡಿದರು.

ಆಸ್ಪತ್ರೆಯಲ್ಲಿ ಮೊದಲು ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕದ ಮಟ್ಟ ನೋಡಿದರು, ಕಡಿಮೆ ಇತ್ತು. ಇಸಿಜಿ ಮಾಡಿದರು, ಕಾಲಿಗೆ ಡಾಪ್ಲರ್ ಸ್ಕ್ಯಾನ್ ಮಾಡಿದರು, ನಂತರ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿದರು. ಎಡಗಾಲಿನ ಒಳನಾಳದಲ್ಲಿ ಹೆಪ್ಪು, ಶ್ವಾಸಕೋಶದಲ್ಲಿ ಅದರ ತುಂಡುಗಳು. "ಇವತ್ತು ರಾತ್ರಿ ಮನೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ ಹೇಳಲಾರೆ" ಎಂದರು ವೈದ್ಯೆ. ಎಡಗಾಲೇ ಏಕೆ ಎಂದು ನಾನು ಕೇಳಿದೆ. ಎಡಗಾಲಿನ ರಕ್ತವನ್ನು ಮೇಲಕ್ಕೆ ತರುವ ನಾಳದ ಮೇಲೆ ಹೊಟ್ಟೆಯೊಳಗೆ ಬಲಗಾಲಿಗೆ ಹೋಗುವ ಅಪಧಮನಿ ಅಡ್ಡಹಾಯುತ್ತದೆ, ಅದರ ಮೇಲೆ ಗರ್ಭಕೋಶದ ಭಾರವೂ ಬೀಳುತ್ತದೆ, ಹಾಗಾಗಿ ಗರ್ಭಿಣಿಯರಲ್ಲಿ ಹೆಚ್ಚಾಗಿ ಎಡಗಾಲಿಗೇ ಹೀಗಾಗುತ್ತದೆ ಎಂದು ಅವರು ವಿವರಿಸಿದರು.

ಇಂಜೆಕ್ಷನ್ ಮತ್ತು ಹಲಾಲಿನ ಪ್ರಶ್ನೆ

ಚಿಕಿತ್ಸೆ ಎಂದರೆ ಹೆಪಾರಿನ್ ಎಂಬ ಔಷಧದ ಇಂಜೆಕ್ಷನ್. ಇದು ಹೊಸ ಹೆಪ್ಪು ಸೇರದಂತೆ ತಡೆಯುತ್ತದೆ, ಇರುವ ಹೆಪ್ಪನ್ನು ಶರೀರವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಪ್ರಾಣಕ್ಕೇ ಅಪಾಯವಿರುವಾಗ ಹೆಪ್ಪನ್ನು ನೇರವಾಗಿ ಕರಗಿಸುವ ಬೇರೆ ಔಷಧಗಳನ್ನೂ ಕೊಡುತ್ತಾರೆ. 1960ರಲ್ಲಿ ಬ್ರಿಟನ್ನಿನ ವೈದ್ಯರಾದ ಬ್ಯಾರಿಟ್ ಮತ್ತು ಜೋರ್ಡನ್ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ್ದರು. ಈ ಬಗೆಯ ಔಷಧ ಪಡೆಯದ 19 ರೋಗಿಗಳಲ್ಲಿ ಐವರು ಶ್ವಾಸಕೋಶದ ಹೆಪ್ಪಿನಿಂದಲೇ ಸತ್ತರು, ಇನ್ನೂ ಐವರಿಗೆ ಅದು ಮರುಕಳಿಸಿತು. ಔಷಧ ಪಡೆದ 16 ಮಂದಿಯಲ್ಲಿ ಹೆಪ್ಪಿನಿಂದ ಒಬ್ಬರೂ ಸಾಯಲಿಲ್ಲ. ಔಷಧ ಕೊಡುವುದಕ್ಕೂ ಕೊಡದಿರುವುದಕ್ಕೂ ಇರುವ ಅಂತರ ಇಷ್ಟು.

ಆದರೆ ತಂಗಿಯ ಗಂಡನಿಗೆ ಯಾರೋ ಫೋನಿನಲ್ಲಿ ಹೇಳಿದ್ದರು, ಆ ಇಂಜೆಕ್ಷನ್ ಹಂದಿಯಿಂದ ಮಾಡಿದ್ದು ಎಂದು. ಗಲ್ಫ್‌ನಿಂದ ಫೋನ್ ಮಾಡಿ ನನ್ನಲ್ಲಿ ಕೇಳಿದರು. ಹೇಳಿದ್ದು ಸುಳ್ಳಲ್ಲ. ಹೆಪಾರಿನ್ ಅನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ಆದರೆ ಪ್ರಾಣಾಪಾಯದ ಅನಿವಾರ್ಯತೆಯಲ್ಲಿ ನಿಷಿದ್ಧವಾದುದನ್ನು ಬಳಸಿದವರ ಮೇಲೆ ಪಾಪವಿಲ್ಲ ಎಂಬ ಮಾತು ಸೂರಃ ಅಲ್ ಬಕರಃದ 173ನೇ ವಚನದಲ್ಲೇ ಇದೆ. ಫಿಕ್‌ಹ್‌ನ ವಿದ್ವಾಂಸರು ಇದರ ಮೇಲೆ ದೊಡ್ಡ ತತ್ವವನ್ನೇ ಕಟ್ಟಿದ್ದಾರೆ. ಜೀವ ಉಳಿಸುವುದು ಶರೀಅತ್‌ನ ಮೂಲ ಉದ್ದೇಶಗಳಲ್ಲೊಂದು. ಫೋಂಡಾಪರಿನಕ್ಸ್ ಎಂಬ ಪ್ರಾಣಿಮೂಲವಲ್ಲದ ಇಂಜೆಕ್ಷನ್ ಕೂಡ ಇದೆ. ಎಲ್ಲರಿಗೂ ಅದು ಹೊಂದುತ್ತದೆ ಎಂದಲ್ಲ, ವೈದ್ಯರಲ್ಲಿ ಕೇಳಬಹುದು. ಆದರೆ ಕೇಳುತ್ತಾ ಕುಳಿತು ಮೊದಲ ಇಂಜೆಕ್ಷನ್ ತಡಮಾಡುವುದು ಸರಿಯಲ್ಲ. "ಈಗಲೇ ಕೊಡಿಸಿ" ಎಂದೆ. ಕೊಡಿಸಿದರು.

ಅದೇ ರೀತಿ ಪರ್ದಾದ ಪ್ರಶ್ನೆ. ಕಾಲಿನ ಬಾವು ನಮ್ಮ ಹೆಂಗಸರಲ್ಲಿ ಬೇಗ ಯಾರ ಕಣ್ಣಿಗೂ ಬೀಳುವುದಿಲ್ಲ. ಪುರುಷ ವೈದ್ಯರಿಗೆ ಕಾಲು ತೋರಿಸಲು ಸಂಕೋಚ. ಮಹಿಳಾ ವೈದ್ಯೆ ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಚಿಕಿತ್ಸೆಗೆ ಬೇಕಾದಷ್ಟು ಭಾಗವನ್ನು ತೋರಿಸಲು ಶರೀಅತ್ ಅನುಮತಿ ಕೊಟ್ಟಿದೆ. ಸಂಕೋಚ ಒಳ್ಳೆಯ ಗುಣ. ಆದರೆ ರೋಗ ಮುಚ್ಚಿಡಲು ಅದನ್ನು ಬಳಸಬಾರದು.

ಹಾಲು ಬಿಡಿಸಬೇಕಾದೀತೆ ಎಂದು ಉಮ್ಮ ಚಿಂತಿಸಿದ್ದರು. ಹೆಪಾರಿನ್ ಪಡೆಯುತ್ತಿರುವ ತಾಯಿ ಎದೆಹಾಲು ಕೊಡಬಹುದು. ನಂತರ ಕೊಡುವ ವಾರ್ಫರಿನ್ ಮಾತ್ರೆಯಲ್ಲೂ ಹಾಲಿಗೆ ತೊಂದರೆಯಿಲ್ಲ. ಆದರೆ ವಾರ್ಫರಿನ್ ಗರ್ಭಿಣಿಯರಿಗೆ ಸಲ್ಲದು. ಇತ್ತೀಚಿನ ರಿವರೋಕ್ಸಬಾನ್, ಅಪಿಕ್ಸಬಾನ್ ಮಾತ್ರೆಗಳನ್ನು ಹಾಲೂಡಿಸುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ಹಾಲು ಕೊಡುತ್ತಿದ್ದೇನೆಂದು ವೈದ್ಯರಿಗೆ ತಪ್ಪದೆ ಹೇಳಬೇಕು. ಚಿಕಿತ್ಸೆ ಕನಿಷ್ಠ ಮೂರು ತಿಂಗಳು ಬೇಕಾಗುತ್ತದೆ. ಉಸಿರು ಸರಿಯಾಯಿತೆಂದು ನಡುವೆ ನಿಲ್ಲಿಸಬಾರದು. ತಂಗಿ ಅಷ್ಟನ್ನೂ ಪೂರ್ತಿ ಮಾಡಿದಳು. ಅಲ್‌ಹಮ್ದುಲಿಲ್ಲಾಹ್, ಈಗ ಆರೋಗ್ಯವಾಗಿದ್ದಾಳೆ.

ಹೆಣ್ಣಿನ ಮಾತನ್ನು ಕೇಳಿ

ಹಳ್ಳಿಯ ಹೆಂಗಸಿಗೆ ಮಾತ್ರ ಹೀಗಾಗುತ್ತದೆಂದು ಭಾವಿಸಬೇಡಿ. ಅಮೆರಿಕದ ಖ್ಯಾತ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ 2017ರ ಸೆಪ್ಟೆಂಬರಿನಲ್ಲಿ ಸಿಸೇರಿಯನ್ ಮೂಲಕ ಮಗಳಿಗೆ ಜನ್ಮ ನೀಡಿದರು. ಮರುದಿನವೇ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು. 2011ರಲ್ಲಿ ಒಮ್ಮೆ ಶ್ವಾಸಕೋಶಕ್ಕೆ ಹೆಪ್ಪು ಹೋದ ಅನುಭವ ಅವರಿಗಿತ್ತು. ತನಗೆ ಸಿ.ಟಿ. ಸ್ಕ್ಯಾನ್ ಮತ್ತು ಹೆಪಾರಿನ್ ಬೇಕೆಂದು ಅವರೇ ಹೇಳಿದರು. ನೋವಿನ ಔಷಧದಿಂದ ಗೊಂದಲವಾಗಿರಬೇಕೆಂದು ನರ್ಸ್ ಭಾವಿಸಿದರು. ಮೊದಲು ಕಾಲಿನ ಸ್ಕ್ಯಾನ್ ಮಾಡಿದರು, ಏನೂ ಕಾಣಲಿಲ್ಲ. ಅವರು ಪಟ್ಟು ಬಿಡಲಿಲ್ಲ. ಕೊನೆಗೆ ಸಿ.ಟಿ. ಮಾಡಿದಾಗ ಶ್ವಾಸಕೋಶದಲ್ಲಿ ಹಲವು ಹೆಪ್ಪುಗಳು ಸಿಕ್ಕವು. ಈ ಸಂಗತಿಯನ್ನು ಅವರೇ 2018ರಲ್ಲಿ ಲೋಕಕ್ಕೆ ತಿಳಿಸಿದರು. ಹಣ, ಹೆಸರು, ದೊಡ್ಡ ಆಸ್ಪತ್ರೆ ಎಲ್ಲವೂ ಇದ್ದ ಹೆಣ್ಣೇ ಇಷ್ಟು ಒತ್ತಾಯಿಸಬೇಕಾಯಿತೆಂದರೆ, ಅತ್ತೆ ಮಾವಂದಿರ ಮುಂದೆ ದನಿ ಎತ್ತದ ನಮ್ಮ ಹೆಣ್ಮಕ್ಕಳ ಪಾಡೇನು? ಅವರ ಪರವಾಗಿ ಮಾತನಾಡಬೇಕಾದವರು ಮನೆಯ ಹಿರಿಯ ಹೆಂಗಸರಾದ ನಾವೇ.

ಬಾಣಂತಿ ಮಾತ್ರವಲ್ಲ

ಈ ಅಪಾಯ ಇನ್ನೂ ಕೆಲವರಿಗಿದೆ. ಸೊಂಟ, ಮೊಣಕಾಲಿನ ದೊಡ್ಡ ಆಪರೇಷನ್ ಆದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಪಾರ್ಶ್ವವಾಯುವಿನಿಂದ ಮಲಗಿರುವವರು, ಕ್ಯಾನ್ಸರ್ ರೋಗಿಗಳು, ತೂಕ ಬಹಳ ಹೆಚ್ಚಿರುವವರು, ಮೊದಲೊಮ್ಮೆ ಹೆಪ್ಪುಗಟ್ಟಿದವರು, ತಾಯಿ ಅಥವಾ ಒಡಹುಟ್ಟಿದವರಿಗೆ ಹಾಗಾಗಿರುವವರು. ಕೋವಿಡ್ ತೀವ್ರವಾಗಿ ಬಂದ ಹಲವರಲ್ಲೂ ಇದು ಕಾಣಿಸಿಕೊಂಡಿತ್ತು.

ಗರ್ಭನಿರೋಧಕ ಮಾತ್ರೆಗಳಲ್ಲಿ ಈಸ್ಟ್ರೋಜನ್ ಇರುವಂಥವು ಅಪಾಯವನ್ನು ಸುಮಾರು ಮೂರರಿಂದ ನಾಲ್ಕು ಪಟ್ಟು ಹೆಚ್ಚಿಸುತ್ತವೆ. ಹೆರಿಗೆಯಾದ ಹೊಸತರಲ್ಲಿ ಅವುಗಳನ್ನು ವೈದ್ಯರನ್ನು ಕೇಳದೆ ನುಂಗಲೇಬಾರದು. ಹಜ್ಜ್, ಉಮ್ರಾ ಅಥವಾ ರಮಝಾನ್‌ನಲ್ಲಿ ಮುಟ್ಟು ಮುಂದೂಡಲು ಅನೇಕ ಸಹೋದರಿಯರು ನೋರೆಥಿಸ್ಟೆರಾನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದರ ಒಂದು ಭಾಗ ಶರೀರದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಹಾಗಾಗಿ ಮೇಲೆ ಹೇಳಿದ ಅಪಾಯಗಳಿರುವವರಿಗೆ ಅದು ಸರಿಹೊಂದದಿರಬಹುದು. ಪಕ್ಕದ ಮನೆಯವರು ತೆಗೆದುಕೊಂಡರೆಂದು ಮೆಡಿಕಲ್ ಅಂಗಡಿಯಿಂದ ನೇರ ತರಿಸಿಕೊಳ್ಳಬೇಡಿ.

ಈ ಯಾತ್ರೆಯಲ್ಲಿ ದೀರ್ಘ ಪ್ರಯಾಣವೂ ಸೇರುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕುಳಿತು ಪ್ರಯಾಣಿಸಿದರೆ ಹೆಪ್ಪಿನ ಅಪಾಯ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಒಟ್ಟು ಲೆಕ್ಕದಲ್ಲಿ ಅದು ಸುಮಾರು ಆರು ಸಾವಿರದಲ್ಲಿ ಒಬ್ಬರಿಗೆ, ಆದ್ದರಿಂದ ಆರೋಗ್ಯವಂತರು ಹೆದರಬೇಕಾಗಿಲ್ಲ. ವಿಮಾನವಾಗಲಿ, ರಾತ್ರಿ ಬಸ್ಸಾಗಲಿ, ನಡುನಡುವೆ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಸಾಧ್ಯವಾದಾಗ ಎದ್ದು ನಡೆಯಿರಿ. ಶೌಚಾಲಯದ ತೊಂದರೆಗೆ ಹೆದರಿ ನೀರು ಬಿಡಬೇಡಿ.

ಇದ್ದತ್‌ನಲ್ಲಿರುವ ವಿಧವೆಯರ ಬಗ್ಗೆಯೂ ಒಂದು ಮಾತು. ನಾಲ್ಕು ತಿಂಗಳು ಹತ್ತು ದಿನ ಕೋಣೆಯ ಒಂದು ಮೂಲೆಯಲ್ಲಿ ಕುಳಿತಿರಬೇಕೆಂದು ಕೆಲವು ಕಡೆ ಭಾವಿಸುತ್ತಾರೆ. ಇದ್ದತ್ ಮನೆಯಲ್ಲಿರಲು ಹೇಳುತ್ತದೆ, ಮನೆಯೊಳಗೆ ನಡೆದಾಡಬಾರದೆಂದು ಹೇಳುವುದಿಲ್ಲ. ವಯಸ್ಸಾದ ಉಮ್ಮಂದಿರನ್ನು ಈ ದಿನಗಳಲ್ಲಿ ಅಂಗಳದೊಳಗಾದರೂ ನಡೆಸಿ.

ನೆನಪಿಡಬೇಕಾದದ್ದು

ಒಂದೇ ಕಾಲು ಬಾತುಕೊಂಡು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಎಣ್ಣೆ ಹಚ್ಚಲು ಬರುವ ಹೆಂಗಸಿಗೂ ಇದನ್ನು ಹೇಳಿಡಿ. ಏಕೆಂದರೆ ಬಾಣಂತಿಯ ಕಾಲನ್ನು ದಿನವೂ ನೋಡುವವರು ಅವರೊಬ್ಬರೇ.

ಇದ್ದಕ್ಕಿದ್ದಂತೆ ಉಸಿರು ಸಾಲದಾದರೆ, ಉಸಿರೆಳೆದಾಗ ಎದೆ ಅಥವಾ ಪಕ್ಕೆ ಚುಚ್ಚಿದರೆ, ಎದೆ ಸುಮ್ಮನೆ ಡವಗುಟ್ಟಿದರೆ, ಕೆಮ್ಮಿದಾಗ ರಕ್ತ ಬಂದರೆ, ತಲೆ ಸುತ್ತಿ ಬಿದ್ದರೆ ಒಂದು ಗಂಟೆಯೂ ಕಾಯಬೇಡಿ. ಎದೆಯ ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ, ಈ ಕಾಯಿಲೆಯಲ್ಲಿ ಎಕ್ಸ್‌ರೇ ಸರಿಯಿರುವುದೂ ಉಂಟು. ಹೆರಿಗೆಯಾಗಿ ಎಷ್ಟು ದಿನವಾಯಿತು, ಸಿಸೇರಿಯನ್ ಆಗಿದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. "ಶ್ವಾಸಕೋಶಕ್ಕೆ ಹೆಪ್ಪು ಹೋಗಿರಬಹುದೇ ಡಾಕ್ಟ್ರೇ?" ಎಂದು ಕೇಳಲು ಹಿಂಜರಿಯಬೇಡಿ.

ದುಆ ಬೇಡವೆಂದು ನಾನು ಹೇಳುವುದಿಲ್ಲ. ಖಂಡಿತ ಮಾಡಿ, ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದುಕೊಂಡು ಮಾಡಿ. ಈ ತಿಂಗಳು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಒಬ್ಬ ಬಾಣಂತಿ ಇರಬಹುದು. ಸಂಜೆ ಒಮ್ಮೆ ಹೋಗಿ ಅವಳ ಕೋಣೆಯ ಕಿಟಕಿ ತೆರೆಯಿರಿ, ಒಂದು ಲೋಟ ನೀರು ಕೊಡಿ, ಮಗುವನ್ನು ನೀವು ಎತ್ತಿಕೊಂಡು ಅವಳನ್ನು ಜಗಲಿಯವರೆಗೆ ನಡೆಸಿ. ಎರಡೂ ಕಾಲುಗಳನ್ನು ಒಮ್ಮೆ ನೋಡಲು ಮರೆಯಬೇಡಿ.